ಎಳೆದಿಟ್ಟ ಹ್ಯಾಂಡ್‌ಬ್ರೇಕ್

ತುಕ್ಕು ಹಿಡಿದು ಕಚ್ಚಿಕೊಂಡ ಬ್ರೇಕ್ ಡ್ರಮ್ಮಿನ ಮೇಲೆ ಸುತ್ತಿಗೆ ಬಿದ್ದಾಗ ಬರುವುದು ಲೋಹದ ದನಿಯೇ ಅಲ್ಲ. ದಪ್ಪಗೆ, ಮಂಕಾಗಿ, ಎಲ್ಲೂ ಮರುದನಿಸದೆ, ಬಿದ್ದಲ್ಲೇ ಇಂಗಿಹೋಗುವ ಒಂದು ಸದ್ದು, ಒಳಗೆ ಯಾರೋ ಅದನ್ನು ಅಂಗೈಯಲ್ಲಿ ಅಮುಕಿ ಹಿಡಿದಿದ್ದಾರೇನೋ ಅನ್ನುವ ಹಾಗೆ. ಅದೇ ಡ್ರಮ್ಮನ್ನು ಬಿಚ್ಚಿ ತೆಗೆದು, ಕೊಕ್ಕೆಗೆ ತೂಗುಹಾಕಿ, ಪಾನದ ತುದಿಯಿಂದ ಮೆಲ್ಲಗೆ ತಟ್ಟಿದರೆ ದೇವಸ್ಥಾನದ ಗಂಟೆಗೂ ನಾಚಿಕೆಯಾಗಬೇಕು, ಅಷ್ಟು ತುಂಬಿದ ನಾದ ಹೊರಟು ಶೆಡ್ಡಿನ ಮೂಲೆ ಮೂಲೆಯಲ್ಲಿ ಸುಳಿದು ನಿಧಾನಕ್ಕೆ ಕರಗುತ್ತದೆ. ಎಲ್ಲಾದರೂ ಕೂದಲೆಳೆಯ ಬಿರುಕಿದ್ದರೆ ದನಿ ಒಡೆಯುತ್ತದೆ; ಗ್ಯಾರೇಜಿನ ಹಳಬರು ಡ್ರಮ್ಮನ್ನು ಕಣ್ಣಿಗಿಂತ ಮೊದಲು ಕಿವಿಯಲ್ಲಿ ನೋಡುವುದು ಅದಕ್ಕೇ. ಆ ಮಂಕು ಸದ್ದಿಗೂ ಈ ನಾದಕ್ಕೂ ನಡುವೆ ಕೆಲವೊಮ್ಮೆ ಒಂದು ಗಂಟೆ, ಕೆಲವೊಮ್ಮೆ ಒಂದು ವಾರ. ಹಳೆಯ ಕಾರುಗಳ ಜೊತೆ ಬಾಳುವವರು ಆ ಅಂತರದಲ್ಲಿ ಮೊಣಕಾಲೂರಿ ಕೂತಿರುತ್ತಾರೆ.

ಓಡಿಸುವ ಯಂತ್ರವನ್ನು ಬಾನೆಟ್ ಎತ್ತಿ ಎಲ್ಲರೂ ನೋಡುತ್ತಾರೆ. ನಿಲ್ಲಿಸುವ ಯಂತ್ರಕ್ಕೆ ಬಾಗಿಲೇ ಇಲ್ಲ. ಚಕ್ರದ ಬೆನ್ನಿಗಂಟಿಕೊಂಡು, ಕೆಸರು, ಸಗಣಿ, ಡಾಂಬರು, ಹೊಳೆನೀರು ಎಲ್ಲವನ್ನೂ ಮೈಮೇಲೆ ಹಾಕಿಸಿಕೊಂಡು, ಮುಚ್ಚಿಕೊಂಡೇ ಆಯುಷ್ಯ ಕಳೆಯುವ ಬೀಡುಕಬ್ಬಿಣದ ಒಂದು ಬಟ್ಟಲು ಅದು. ಒಳಗೆ ಎರಡು ಬಾಗಿದ ಶೂಗಳು, ಬಿದಿಗೆಯ ಎರಡು ಚಂದ್ರರನ್ನು ಬೆನ್ನು ಹೊರಗಾಗಿ ಎದುರುಬದುರು ಇಟ್ಟಂತೆ. ಅವುಗಳ ಬೆನ್ನಿಗೆ ಹೊದಿಸಿದ ಲೈನರು. ಎರಡನ್ನೂ ಒಳಕ್ಕೆ ಸೆಳೆದು ಹಿಡಿದ ಸ್ಪ್ರಿಂಗು. ಪೆಡಲು ಒತ್ತಿದಾಗ ಆ ಶೂಗಳು ಹೊರಕ್ಕೆ ಅರಳಿ, ಸುತ್ತ ತಿರುಗುತ್ತಿರುವ ಕಬ್ಬಿಣದ ಗೋಡೆಗೆ ಮೈ ಒತ್ತುತ್ತವೆ. ಆಗ ವೇಗ ಎಲ್ಲಿಗೂ ಓಡಿಹೋಗುವುದಿಲ್ಲ, ಕಾವಾಗಿ ಕಬ್ಬಿಣದೊಳಗೆ ಇಳಿಯುತ್ತದೆ. ಜನ, ಸಾಮಾನು ಸೇರಿ ಒಂದು ಟನ್ ತೂಗುವ ಪುಟ್ಟ ಕಾರು ಗಂಟೆಗೆ 60 ಕಿಲೋಮೀಟರಿನ ಓಟದಿಂದ ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಕಾವು ಅರ್ಧ ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಸಬಲ್ಲದು, ಎಂದರೆ ಮೂರು ನಾಲ್ಕು ಜನರ ಬೆಳಗಿನ ಕಾಫಿಗೆ ಒಲೆಯ ಮೇಲೆ ಇಡುವಷ್ಟು ನೀರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವ ಹೊತ್ತಿಗೆ ಇಂಥ ಎಷ್ಟು ಕಾವು ಆ ಬಟ್ಟಲಿನಲ್ಲಿ ತುಂಬಿ ಗಾಳಿಗೆ ಚೆಲ್ಲಿರುತ್ತದೋ. ಕೆಳಗಿಳಿದು ಕಾರು ನಿಲ್ಲಿಸಿದವರ ಮೂಗಿಗೆ ಹತ್ತುವ ಕಾದ ಲೈನರಿನ ಆ ಒಣ ಕಮಟು ಬೆಟ್ಟದ ಎತ್ತರವೇ ವಾಸನೆಯಾಗಿ ಮಾರ್ಪಟ್ಟದ್ದು. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಡ್ರೈವರುಗಳು ಏನೂ ಹೇಳದೆ ಚಕ್ರದ ಹತ್ತಿರ ಕೈಯೊಡ್ಡಿ ನೋಡುತ್ತಾರೆ.

ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳಲ್ಲಿ ಹಿಂದೆ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಹಳೆಯ ಬೂಟುಗಳನ್ನು ಮರದ ಬ್ರೇಕಿಗೆ ಕಟ್ಟಿ ಚಕ್ರಕ್ಕೆ ಒತ್ತುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತ ಅದಕ್ಕಿಂತ ಗಟ್ಟಿಯಾದದ್ದನ್ನು ಹುಡುಕಹೊರಟು, 1897ರಲ್ಲಿ ಫೆರೋಡೊ ಎಂದು ಹೆಸರಾಗಲಿದ್ದ ಬ್ರೇಕ್ ಲೈನರಿನ ಕಸುಬನ್ನು ಶುರುಮಾಡಿದ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ಮಿನ ಒಳಗಿನಿಂದ ಅರಳುವ ಶೂಗಳನ್ನು ಕೂರಿಸಿದ. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ದ್ರವದ ಒತ್ತಡದಿಂದ ಬ್ರೇಕು ಬಂತು. ಆ ಮೊದಮೊದಲ ದಶಕಗಳ ಬ್ರೇಕ್ ದ್ರವದಲ್ಲಿ ಆಲ್ಕೋಹಾಲಿನ ಜೊತೆ ಬೆರೆಸುತ್ತಿದ್ದದ್ದು ಏನೆಂದುಕೊಂಡಿರಿ? ಹರಳೆಣ್ಣೆ. ನಮ್ಮ ಅಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ, ಬೇರೊಂದು ಖಂಡದಲ್ಲಿ, ಹೆಬ್ಬೆರಳಿಗಿಂತ ಕಿರಿದಾದ ಕೊಳವೆಗಳಲ್ಲಿ ಕೂತು, ಕಾಲಿನ ಒಂದು ಸಣ್ಣ ಇಂಗಿತವನ್ನು ನಾಲ್ಕು ಚಕ್ರಗಳಿಗೆ ಒಂದೇ ಹೊತ್ತಿಗೆ ಮುಟ್ಟಿಸುತ್ತಿತ್ತು. ಇಷ್ಟು ತಿಳಿದ ಮೇಲೆ ಬ್ರೇಕನ್ನು ಬರಿಯ ಕಬ್ಬಿಣವೆಂದು ನೋಡುವುದು ನನ್ನಿಂದಾಗಿಲ್ಲ.

ತೀರ್ಥಹಳ್ಳಿಯ ಕಡೆ, ಅಡಕೆ ತೋಟದ ಅಂಚಿನ ಒಂದು ಮನೆಯಲ್ಲಿ, ನನ್ನ ಸೋದರಮಾವನ ಮಾರಿಸ್ ಮೈನರ್ ನಿಂತಿದೆ. 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲ ಬಾರಿ ಜನರೆದುರು ಬಂದ ಆ ದುಂಡು ಮೈಯ ಕಾರನ್ನು ರೂಪಿಸಿದ ಅಲೆಕ್ ಇಸ್ಸಿಗೊನಿಸ್, ಕೊನೆಗಳಿಗೆಯಲ್ಲಿ ಇದು ಕಿರಿದಾಯಿತೆಂದು ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳನ್ನು ನಾಲ್ಕು ಇಂಚು ದೂರ ಸರಿಸಿ ನೋಡಿ, ಹೂಂ ಅಂದನಂತೆ. ಬಾನೆಟ್ಟಿನ ನಡುವೆ ಓಡುವ ಪಟ್ಟಿ ಆ ನಾಲ್ಕು ಇಂಚಿನ ಗುರುತು. ಮಾವನದು ಐವತ್ತರ ದಶಕದ ಗಾಡಿ, ಮುಂಗಾಜು ಎರಡು ಹೋಳಿನದು. ಮೂವತ್ತು ವರ್ಷಕ್ಕೂ ಹಿಂದೆ ಒಂದು ಸಂಜೆ ಮಾವ ಅದನ್ನು ಪೇಟೆಯಿಂದ ತಂದು, ಮಂಗಳೂರು ಹೆಂಚಿನ ಶೆಡ್ಡಿನಲ್ಲಿ ನಿಲ್ಲಿಸಿ, ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ಹಾಕಿಕೊಂಡು ಒಳಗೆ ಹೋದರು. ಆಮೇಲೆ ಕಾಯಿಲೆ, ಆಮೇಲೆ ಅವರಿಲ್ಲ. ಕಾರನ್ನು ಯಾರೂ ಮುಟ್ಟಲಿಲ್ಲ, ಆದರೆ ಯಾರೂ ಮರೆಯಲೂ ಇಲ್ಲ. ಪ್ರತಿ ಆಯುಧಪೂಜೆಗೆ ಅತ್ತೆ ಅದರ ಧೂಳೊರೆಸಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಚಕ್ರದ ಮುಂದೆ ನಿಂಬೆಹಣ್ಣು ಇಡುತ್ತಿದ್ದರು. ನಿಂಬೆಹಣ್ಣು ಅಪ್ಪಚ್ಚಿಯಾಗಬೇಕಾದರೆ ಕಾರು ಮುಂದಕ್ಕೆ ಹೊರಳಬೇಕಲ್ಲ, ಅದು ಹೊರಳುವುದಿಲ್ಲ, ಹಣ್ಣು ಹಾಗೇ ಇರುತ್ತಿತ್ತು, ಹಳದಿ ಬಾಡಿ ಕಂದಾಗಿ, ಕಂದು ಒಣಗಿ ಗಟ್ಟಿಯಾಗಿ, ಮುಂದಿನ ನವರಾತ್ರಿಗೆ ಹೊಸ ಹಣ್ಣು ಬರುವ ತನಕ.

ಆ ಮೂವತ್ತು ಚಿಲ್ಲರೆ ಮಳೆಗಾಲಗಳನ್ನು ನಾನು ಆಗಾಗ ಕಣ್ಣಿಗೆ ತಂದುಕೊಳ್ಳಲು ನೋಡುತ್ತೇನೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ಅಲ್ಲಿಂದ ದೂರವಿಲ್ಲ. ಆಷಾಢದಲ್ಲಿ ಆ ಸೀಮೆಯಲ್ಲಿ ನೀರು ಆಕಾಶದಿಂದ ಬೀಳುವುದಷ್ಟೇ ಅಲ್ಲ, ಗೋಡೆಯಿಂದ ಒಸರುತ್ತದೆ, ನೆಲದಿಂದ ಏಳುತ್ತದೆ, ಬೆಂಕಿಪೆಟ್ಟಿಗೆಯೊಳಗೆ, ಪುಸ್ತಕದ ಹಾಳೆಯೊಳಗೆ, ಉಪ್ಪಿನ ಭರಣಿಯೊಳಗೆ ಹೇಳದೆ ಕೇಳದೆ ಬಂದು ಕೂರುತ್ತದೆ. ಹಾಗೇ ಡ್ರಮ್ಮಿನೊಳಕ್ಕೂ ಬಂದಿದೆ, ಹನಿಯಾಗಿ ಅಲ್ಲ, ಬರಿಯ ಉಸಿರಾಗಿ; ಶೂ ಒತ್ತಿ ನಿಂತ ಕಬ್ಬಿಣದ ಗೋಡೆಯ ಮೇಲೆ ಕಾಣದ ತೇವವಾಗಿ ಹರಡಿದೆ; ಗಾಳಿಯ ಆಮ್ಲಜನಕ ಆ ತೇವದ ಮೂಲಕ ಕಬ್ಬಿಣವನ್ನು ಮುಟ್ಟಿದೆ; ಅಲ್ಲಿಂದಾಚೆಗೆ ಕಬ್ಬಿಣ ಕಬ್ಬಿಣವಾಗಿ ಉಳಿಯುವ ಹಟ ಬಿಟ್ಟಿದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಡ್ರಮ್ಮಿಗೂ ಲೈನರಿಗೂ ನಡುವೆ, ಡ್ರಮ್ಮಿಗೂ ಅದು ಕೂತ ಹಬ್ಬಿಗೂ ನಡುವೆ ಇದ್ದ ಕಾಗದದಷ್ಟು ಜಾಗದಲ್ಲಿ ಅದು ಉಬ್ಬಿ, ಉಬ್ಬಿ, ಆಪು ಹೊಡೆದಂತೆ ಬಿಗಿದುಕೊಂಡಿದೆ. ಶೆಡ್ಡಿನ ಗೋಡೆಯ ಜಂಬಿಟ್ಟಿಗೆಯ ಕೆಂಪು, ತೋಟದ ಮಣ್ಣಿನ ಕೆಂಪು, ಇವು ಕೂಡ ಕಬ್ಬಿಣದ ಆಕ್ಸೈಡುಗಳ ಬಣ್ಣವೇ. ಇಂಗ್ಲೆಂಡಿನ ಯಾವುದೋ ಮೂಸೆಯಲ್ಲಿ ಕರಗಿ ಎರಕವಾಗಿ, ಹಡಗು ಹತ್ತಿ ಇಲ್ಲಿಗೆ ಬಂದ ಕಬ್ಬಿಣ, ಸದ್ದಿಲ್ಲದೆ ಈ ನೆಲದ ಬಣ್ಣಕ್ಕೆ ತಿರುಗುತ್ತ ಕೂತಿತ್ತು.

ಬೆಂಗಳೂರಿನಲ್ಲಿರುವ ಮಾವನ ಮಗನಿಗೆ ಕಾರನ್ನು ಮತ್ತೆ ರಸ್ತೆಗಿಳಿಸುವ ಮನಸ್ಸಾಯಿತು. 2021ರ ಕೇಂದ್ರ ಸರ್ಕಾರದ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನ ವಿಂಟೇಜ್ ಎಂದು ಬೇರೆಯಾಗಿಯೇ ನೋಂದಣಿಯಾಗಬಹುದು, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ ಎಂದು ಆತ ಎಲ್ಲವನ್ನೂ ಓದಿಕೊಂಡು ಬಂದಿದ್ದ. ಮೊದಲ ಕೆಲಸವೆಂದು ಒಳಗೆ ಕೂತು ಹ್ಯಾಂಡ್‌ಬ್ರೇಕ್ ಕೆಳಗೆ ಹಾಕಿದ. ಲಿವರು ಇಳಿಯಿತು. ನಾಲ್ಕು ಜನ ಹಿಂದಿನಿಂದ ನೂಕಿದರೂ ಕಾರು ಅಲುಗಲಿಲ್ಲ. ಲಿವರಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉಕ್ಕಿನ ತಂತಿಗಳು ತಮ್ಮ ಕೋಶದೊಳಗೇ ತುಕ್ಕು ಹಿಡಿದು ನಿಂತಿದ್ದವು. ಅವು ನಿಂತಿದ್ದರಿಂದ ಶೂಗಳೂ ನಿಂತಿದ್ದವು. ಮಗ ಬಿಟ್ಟ, ಆದರೆ ಅಪ್ಪ ಎಳೆದದ್ದು ಇನ್ನೂ ಎಳೆದೇ ಇತ್ತು. ಎಳೆದ ಕೈ ಇಲ್ಲವಾಗಿ ಎಷ್ಟೋ ಕಾಲವಾದ ಮೇಲೂ, ಆ ಕೈ ಒಂದು ಸಂಜೆ ಹೇಳಿದ "ಇಲ್ಲೇ ನಿಲ್ಲು" ಎಂಬುದನ್ನು ಒಂದು ಗಳಿಗೆಯೂ ಸಡಿಲಿಸದೆ ಪಾಲಿಸುತ್ತಿರುವ ಆ ಎರಡು ಜೊತೆ ಶೂಗಳನ್ನು ನೆನೆದು ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ.

ಮೇಸ್ತ್ರಿ ಬಂದರು. ವಯಸ್ಸಾದವರು, ಮಾವನ ಕಾಲದಿಂದ ಈ ಗಾಡಿಯನ್ನು ಬಲ್ಲವರು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿಯಿಂದ ಎತ್ತಿ, ಜಾಕಿಯನ್ನು ನಂಬದೆ ಕೆಳಗೆ ಹಲಸಿನ ದಿಮ್ಮಿ ಕೊಟ್ಟು, ಚಕ್ರ ಬಿಚ್ಚಿ, ಡ್ರಮ್ಮಿನೆದುರು ಅಡಕೆ ಹಾಳೆಯ ಮೇಲೆ ಕೂತುಕೊಂಡರು. ಎಡಗಡೆಯ ಡ್ರಮ್ಮಿಗೆ ಮರದ ಕೊಡತಿಯಿಂದ ಸುತ್ತಲೂ ನಾಲ್ಕು ಏಟು ಕೊಟ್ಟದ್ದೇ, ಅದು ಸುಮ್ಮನೆ ಕೈಗೆ ಬಂತು. ಒಳಗೆಲ್ಲ ಕಪ್ಪು ಜಿಡ್ಡು. ಆಕ್ಸಲಿನ ಆಯಿಲ್ ಸೀಲು ಯಾವತ್ತೋ ಹೋಗಿ, ಗೇರ್ ಆಯಿಲು ತೊಟ್ಟು ತೊಟ್ಟಾಗಿ ಡ್ರಮ್ಮಿನೊಳಗೆ ಸೋರಿತ್ತು. ಎಣ್ಣೆ ಬಿದ್ದ ಲೈನರು ಹಿಡಿಯುವುದಿಲ್ಲ, ರಸ್ತೆಯ ಮೇಲಾಗಿದ್ದರೆ ಅದು ಅಪಾಯ, ಈಗಲೂ ಆ ಲೈನರನ್ನು ಎಸೆಯಲೇಬೇಕು. ಆದರೆ ಅದೇ ಸೋರಿಕೆ ಇಷ್ಟು ವರ್ಷ ನೀರಿನುಸಿರನ್ನು ಕಬ್ಬಿಣದಿಂದ ದೂರವಿಟ್ಟಿತ್ತು. ಬಲಗಡೆ ಸೀಲು ಚೆನ್ನಾಗಿತ್ತು. ಚೆನ್ನಾಗಿದ್ದದ್ದರಿಂದ ಒಣಗಿತ್ತು, ಒಣಗಿದ್ದರಿಂದ ತುಕ್ಕಿಗೆ ದಾರಿಯಾಗಿತ್ತು. ಮೇಸ್ತ್ರಿ ಕೊಡತಿಯಿಂದ ತಟ್ಟಿದರು. ಆ ಮಂಕು ಸದ್ದು. ಇನ್ನೊಂದು ಏಟಿಗೆ ಅವರು ಕೈಯೆತ್ತಲಿಲ್ಲ. ಕೊಡತಿ ಕೆಳಗಿಟ್ಟು, ಡ್ರಮ್ಮಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತರು, ಜ್ವರ ನೋಡುವವರಂತೆ.

ಈ ಕೆಲಸದಲ್ಲಿ ಬಲವಂತಕ್ಕೆ ಬೆಲೆಯಿಲ್ಲ. ಬೀಡು ಒತ್ತಡ ತಡೆಯುತ್ತದೆ, ಕಾವು ತಡೆಯುತ್ತದೆ, ಸೆಳೆತ ತಡೆಯುವುದಿಲ್ಲ. ಅದರೊಳಗೆ ಎಲ್ಲೆಲ್ಲೂ ಗ್ರಾಫೈಟಿನ ಸೂಕ್ಷ್ಮ ಪದರಗಳಿದ್ದು, ಅಂಚಿಗೆ ಕೋಪದಿಂದ ಒಂದು ಏಟು ಕೊಟ್ಟರೆ ಚಕ್ಕೆ ಹಾರಿಹೋಗುತ್ತದೆ. ಆಮೇಲೆ ಆ ಡ್ರಮ್ಮು ಯಾವುದಕ್ಕೂ ಇಲ್ಲ. ಆದ್ದರಿಂದ ಮೊದಲು ಒಳಗಿನವರನ್ನು ಸಡಿಲಿಸಬೇಕು. ಮೈನರಿನ ಡ್ರಮ್ಮಿನ ಮುಖದಲ್ಲಿ ಒಂದು ಕಿಂಡಿ ಇರುತ್ತದೆ, ಸ್ಕ್ರೂಡ್ರೈವರಿನ ತುದಿ ತೂರುವಷ್ಟೇ. ಒಳಗಿನ ಅಡ್ಜಸ್ಟರು ಅದಕ್ಕೆ ಎದುರಾಗಿ ಬಂದಾಗ ಮಾತ್ರ ಸಿಗುತ್ತದೆ. ತಿರುಗದ ಡ್ರಮ್ಮಿನಲ್ಲಿ ಅದು ಎದುರಾಗಿ ನಿಂತಿರಬೇಕಾದರೆ ಪುಣ್ಯ ಬೇಕು. ನಿಂತಿತ್ತು! ಮಾವ ಆ ಸಂಜೆ ಒಂದು ಗೇಣು ಮುಂದೆ ನಿಲ್ಲಿಸಿದ್ದರೂ ಸಿಗುತ್ತಿರಲಿಲ್ಲ. ಟಾರ್ಚಿನ ಬೆಳಕು ಬಿಟ್ಟು ಮೇಸ್ತ್ರಿ ಆ ಕತ್ತಲೆಯೊಳಕ್ಕೆ ಕಣ್ಣಿಟ್ಟಾಗ ಅವರ ಮುಖದಲ್ಲಿ ಗರ್ಭಗುಡಿಯ ಕಡೆ ಬಗ್ಗಿ ನೋಡುವವರ ಏಕಾಗ್ರತೆ ಇತ್ತು. ಎಣ್ಣೆ ಬಿಟ್ಟು, ಕಾದು, ಹಿಂದಕ್ಕೆ ತಿರುಗಿಸಿದರು. ಟಕ್. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಟಕ್. ಡ್ರಮ್ಮನ್ನು ಹಬ್ಬಿಗೆ ಹಿಡಿದ ಎರಡು ಸ್ಕ್ರೂಗಳಲ್ಲಿ ಒಂದು ಕೇಳಿದ್ದಕ್ಕೇ ಬಂತು; ಇನ್ನೊಂದರ ತಲೆಯ ಗೀರು ಸವೆದುಹೋಗಿ, ಏಟು ಬಿದ್ದಾಗ ತಿರುವು ಕೊಡುವ ಇಂಪ್ಯಾಕ್ಟ್ ಸ್ಕ್ರೂಡ್ರೈವರು ಹಿಡಿದು ತೆಗೆಯಬೇಕಾಯಿತು. ಹಬ್ಬಿನ ಸುತ್ತ ತುಕ್ಕಿನ ಗೆರೆಗೆ ಎಣ್ಣೆ ಉಣಿಸಿ ಅವರು ಅವತ್ತಿಗೆ ಎದ್ದರು. ಎಣ್ಣೆ ತಾನಾಗಿ ದಾರಿ ಹುಡುಕಿಕೊಳ್ಳುವುದಕ್ಕೆ ಒಂದು ರಾತ್ರಿ ಬೇಕು. ನಾವು ನುಸುಳಲಾರದ ಕಡೆ, ಗುರುತ್ವಕ್ಕೆ ವಿರುದ್ಧವಾಗಿಯೂ, ಬಿರುಕಿನಿಂದ ಬಿರುಕಿಗೆ ಅದು ಏರುತ್ತ ಹೋಗುತ್ತದೆ, ನಾವು ಮಲಗಿರುವಾಗ.

ಮಾರನೆಯ ದಿನ ಮಾವನ ಮಗ ಗ್ಯಾಸ್ ಟಾರ್ಚು ತರಿಸುವ ಮಾತೆತ್ತಿದ. ಮೇಸ್ತ್ರಿ ಒಪ್ಪಲಿಲ್ಲ. "ಬ್ಯಾಡ ತಮ್ಮ, ಪೆಟ್ರೋಲ್ ಟ್ಯಾಂಕು ಇಲ್ಲೇ ಡಿಕ್ಕಿ ಕೆಳಗೆ ಐತೆ" ಎಂದವರು ಜಗಲಿಯ ಕಡೆ ತಿರುಗಿ, "ಅಮ್ಮಾ, ಬಚ್ಚಲ ಹಂಡೇಲಿ ಕುದಿಯೋ ನೀರು ಸಿಗ್ತದಾ?" ಅಂದರು. "ನೀರಿಗೇನು ಮೇಸ್ತ್ರಿ, ಬೆಳಗ್ಗಿಂದ ಉರೀತಾನೇ ಇದೆ" ಎಂದ ಅತ್ತೆ ಒಲೆಗೆ ಇನ್ನೆರಡು ಸೋಗೆ ನೂಕಿದರು. ತಾಮ್ರದ ಹಂಡೆಯಿಂದ ಬಿಂದಿಗೆ ಬಿಂದಿಗೆಯಾಗಿ ಹೊಗೆಯಾಡುವ ನೀರು ಬಂತು. ಸೌದೆಹೊಗೆಯ, ತಾಮ್ರದ, ಸೀಗೆಯ ವಾಸನೆ ಅದರ ಜೊತೆಗೇ ಬಂತು. ಮೇಸ್ತ್ರಿ ಅದನ್ನು ಡ್ರಮ್ಮಿನ ಹೊರಮೈಗೆ ಸುತ್ತಲೂ, ಅಭಿಷೇಕ ಮಾಡುವಷ್ಟೇ ನಿಧಾನಕ್ಕೆ, ಧಾರೆ ಕಡಿಯದಂತೆ ಹುಯ್ಯತೊಡಗಿದರು. ಮೈನರಿನ ಹಿಂದಿನ ಡ್ರಮ್ಮು ಏಳು ಇಂಚಿನದು. ಅಷ್ಟು ಅಗಲದ ಬೀಡು ಅರವತ್ತು ಡಿಗ್ರಿಯಷ್ಟು ಕಾದರೆ ಹಿಗ್ಗುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಒಂದು ದಪ್ಪ ತಲೆಗೂದಲಿನಷ್ಟು. ಒಳಗಿನ ಶೂ, ಹಬ್ಬು ಇನ್ನೂ ತಣ್ಣಗಿರುವಾಗ ಹೊರಗಿನ ಬಟ್ಟಲು ಮಾತ್ರ ಆ ಒಂದು ಕೂದಲಿನಷ್ಟು ಅಗಲವಾಗಬೇಕು. ಆ ಕ್ಷಣದಲ್ಲಿ ಕೊಡತಿ ತಾಗಬೇಕು. ಘಾಟಿಯಿಳಿಯುವಾಗ ಡ್ರಮ್ಮು ಕಾದು ಹೀಗೇ ಶೂಗಳಿಂದ ದೂರ ಹಿಗ್ಗುತ್ತದೆ, ಪೆಡಲು ಆಳಕ್ಕಿಳಿಯುತ್ತದೆ, ಡ್ರೈವರಿನ ಎದೆ ಝಲ್ಲೆನ್ನುತ್ತದೆ. ಡ್ರಮ್ ಬ್ರೇಕಿನ ಹುಟ್ಟುದೋಷವೆಂದು ಇಂಜಿನಿಯರುಗಳು ಬೈದ ಆ ಹಿಗ್ಗುವ ಗುಣವನ್ನೇ ಮೇಸ್ತ್ರಿ ಈಗ ಬಿಂದಿಗೆ ಹಿಡಿದು ಬೇಡಿಕೊಳ್ಳುತ್ತಿದ್ದರು.

ಹುಯ್ಯುವುದು, ತಟ್ಟುವುದು, ಕೇಳುವುದು. ತಣ್ಣಗಾಗಲು ಬಿಡುವುದು, ಮತ್ತೆ ಹುಯ್ಯುವುದು. ಸದ್ದು ಮಾತ್ರ ಅದೇ.

ಆ ಬಿಡುವುಗಳಲ್ಲಿ ಮೇಸ್ತ್ರಿ ತಮ್ಮ ಹರೆಯದಲ್ಲಿ ದುಡಿದ ದೊಡ್ಡ ಗಾಡಿಗಳ ಮಾತು ತೆಗೆದರು. 1947ರಿಂದ ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಣೆಯಾಗಿ ಬರುತ್ತಿದ್ದ ಡಾಡ್ಜ್, ಪ್ಲಿಮತ್, ಡಿಸೋಟೊಗಳಲ್ಲಿ ಹಿಂದಿನ ಡ್ರಮ್ಮು ಹಬ್ಬಿನ ಸಮೇತ ಮೊನಚಾದ ಆಕ್ಸಲಿನ ಮೇಲೆ ಆಪಿನಂತೆ ಕೂತಿರುತ್ತದೆ. ಎಡಗಡೆಯ ಚಕ್ರದ ಬೋಲ್ಟುಗಳೂ ಉಲ್ಟಾ ತಿರುವಿನವು. ಗೊತ್ತಿಲ್ಲದವರು ಬಿಚ್ಚುತ್ತೇವೆಂದು ಬಿಗಿಯುತ್ತ ಹೋಗುತ್ತಾರೆ. ಅಂಥ ಹಬ್ಬಿಗೆ ಕೈಯ ಬಲ, ಸುತ್ತಿಗೆಯ ಬಲ ಏನೂ ನಡೆಯದು. ಚಕ್ರದ ಬೋಲ್ಟುಗಳಿಗೇ ಕಚ್ಚಿಸುವ ಭಾರೀ ಪುಲ್ಲರು ಬೇಕು. ಆಕ್ಸಲಿನ ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ನಾಲ್ಕು ಸುತ್ತು ಉಳಿಸಿ (ಇಲ್ಲದಿದ್ದರೆ ಬಿಟ್ಟುಕೊಂಡ ಹಬ್ಬು ಹಾರಿ ಎದುರಿದ್ದವರ ಕಾಲು ಮುರಿದೀತು), ಪುಲ್ಲರಿನ ತಿರುಪನ್ನು ಇನ್ನಾಗದು ಎನ್ನುವ ತನಕ ಬಿಗಿದು, ಗ್ಯಾರೇಜಿನ ದೀಪ ಆರಿಸಿ ಮನೆಗೆ ಹೋಗುವುದು. ಕಬ್ಬಿಣ ಕಬ್ಬಿಣವನ್ನು ಎಳೆಯುತ್ತ ಕತ್ತಲೆಯಲ್ಲಿ ಉಳಿಯುತ್ತದೆ. ನಡುರಾತ್ರಿಯಲ್ಲೋ, ಬೆಳಗಿನ ಜಾವದ ತಂಪು ಇಳಿದಾಗಲೋ, ಯಾರೂ ಮುಟ್ಟದೆ, ಯಾರೂ ನೋಡದೆ, ಢಮ್ಮೆಂದು ಬಿಟ್ಟುಕೊಳ್ಳುತ್ತದೆ. ಗ್ಯಾರೇಜಿನಲ್ಲೇ ಮಲಗುತ್ತಿದ್ದ ಹುಡುಗರು ಬೆಚ್ಚಿ ಎದ್ದು, ಏನೆಂದು ಗೊತ್ತಾಗಿ, ನಕ್ಕು, ಮಗ್ಗಲು ಬದಲಿಸಿ ಮಲಗುತ್ತಿದ್ದರಂತೆ. ಆ ಢಮ್ಮನ್ನು ನಾನು ಕೇಳಿಲ್ಲ. ಆದರೆ ಅದನ್ನು ಕೇಳಿದವರ ಮುಖ ನೋಡಿದ್ದೇನೆ, ಅಷ್ಟು ಸಾಕು ಅನ್ನಿಸುತ್ತದೆ; ಕೆಲವನ್ನು ನಾವು ಮಾಡುವುದಿಲ್ಲ, ಆಗುವುದಕ್ಕೆ ಬಿಗಿ ಕೊಟ್ಟು ಹೋಗುತ್ತೇವೆ.

ಮಧ್ಯಾಹ್ನ ಕಳೆದ ಮೇಲೆ, ಮೋಡ ಕವಿದು ಶೆಡ್ಡಿನೊಳಗೆ ಹಸಿರು ಕತ್ತಲೆ ತುಂಬಿದ್ದಾಗ, ಸದ್ದು ಬದಲಾಯಿತು. ಮೊದಲು ನಮಗಾರಿಗೂ ತಿಳಿಯಲಿಲ್ಲ. ಮೇಸ್ತ್ರಿ ಕೊಡತಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ತಲೆ ಓರೆ ಮಾಡಿದರು. ಮತ್ತೆ ತಟ್ಟಿದರು. ಮಂಕಿನ ತಳದಲ್ಲಿ ಎಲ್ಲೋ ಒಂದೆಳೆ ನಾದ, ದೂರದ ಊರಿನ ಜಾಗಟೆ ಗಾಳಿ ಈ ಕಡೆ ತಿರುಗಿದಾಗ ಕೇಳಿದಂತೆ. ಸುತ್ತಲೂ ತಟ್ಟುತ್ತ ಬಂದರು. ಒಂದು ಕಡೆ ನಾದ, ಇನ್ನೊಂದು ಕಡೆ ಮಂಕು. ಎಲ್ಲಿ ಬಿಟ್ಟಿದೆ, ಎಲ್ಲಿ ಇನ್ನೂ ಹಿಡಿದಿದೆ ಎಂಬ ನಕಾಶೆ ಅವರ ಕಿವಿಯಲ್ಲಿ ಬರೆದುಕೊಳ್ಳುತ್ತಿತ್ತು. ಮಂಕಿದ್ದ ಕಡೆಗೆ ಇನ್ನೊಂದು ಬಿಂದಿಗೆ. ತುಕ್ಕಿನ ಗೆರೆಯಿಂದ ಕೆಂಪು ನೀರು ಸಣ್ಣಗೆ ಒಸರಿ ಹಲಸಿನ ದಿಮ್ಮಿಯ ಮೇಲಿಳಿಯಿತು. ಆಮೇಲೆ ಆದದ್ದರಲ್ಲಿ ಹೇಳುವಂಥ ಸದ್ದೂ ಇರಲಿಲ್ಲ. ಡ್ರಮ್ಮು ಒಂದು ಬತ್ತದ ಕಾಳಿನಷ್ಟು ಮುಂದೆ ಬಂದಿತ್ತು, ಅಷ್ಟೇ. ಎರಡೂ ಕೈಯಲ್ಲಿ ಹಿಡಿದು, ಅತ್ತಿತ್ತ ಆಡಿಸುತ್ತ, ಮೇಸ್ತ್ರಿ ಅದನ್ನು ಬರಮಾಡಿಕೊಂಡರು.

"ಯಾರೂ ಊದ್‌ಬ್ಯಾಡಿ." ಅವರ ಮೊದಲ ಮಾತು ಅದು. ಆ ಕಾಲದ ಲೈನರುಗಳಲ್ಲಿ ಕಲ್ನಾರು ಇರುತ್ತದೆ. ಕಣ್ಣಿಗೆ ಕಾಣದ ಅದರ ಎಳೆಗಳು ಎದೆಗೆ ಹೋದರೆ ದಶಕಗಳ ನಂತರ ಕೊಲ್ಲುವ ಕಾಯಿಲೆ ತರಬಲ್ಲವು. ಮೇಸ್ತ್ರಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಅರಿವೆಯಿಂದ ಧೂಳನ್ನು ಒತ್ತಿ ಒತ್ತಿ ತೆಗೆಯುವ ತನಕ ನಾವೆಲ್ಲ ನಾಲ್ಕು ಮಾರು ದೂರ, ಉಸಿರು ಸಣ್ಣಗೆ ಮಾಡಿಕೊಂಡು ನಿಂತೆವು. ನಂತರ ಹತ್ತಿರ ಹೋಗಿ ನೋಡಿದೆ. ಡ್ರಮ್ಮಿನ ಒಳಗೋಡೆಯೆಲ್ಲ ಕೆಂಪು, ಒರಟು. ಆದರೆ ಎದುರುಬದುರಾಗಿ ಎರಡು ಕಡೆ, ಶೂಗಳು ಒತ್ತಿ ನಿಂತಿದ್ದಲ್ಲಿ, ಅವುಗಳ ಅಚ್ಚು ಬಿದ್ದಿತ್ತು. ಅಂಚಿನಲ್ಲಿ ಬಿಗಿಯಾದ ಕಪ್ಪು ಗೆರೆ, ನಡುವೆ ಅಲ್ಲಲ್ಲಿ ಇನ್ನೂ ಬೆಳ್ಳಗೆ ಹೊಳೆಯುವ ಕಬ್ಬಿಣ, ಮಾವ ಕೊನೆಯ ಸಲ ಬ್ರೇಕೊತ್ತಿದಾಗ ಉಜ್ಜಿ ಹೊಳಪಾದ ಅದೇ ಕಬ್ಬಿಣ. ಒತ್ತಿ ಹಿಡಿದದ್ದಕ್ಕೇ ಅಷ್ಟು ಜಾಗಕ್ಕೆ ಮಳೆ ಪೂರ್ತಿ ಮುಟ್ಟಿರಲಿಲ್ಲ. ಅತ್ತೆ ಬಂದು ನೋಡಿದರು. ಏನೆಂದು ಯಾರೂ ವಿವರಿಸಲಿಲ್ಲ. ಸೆರಗಿನಲ್ಲಿ ಕೈಯೊರೆಸಿಕೊಂಡು ಒಂದು ಬೆರಳನ್ನು ಆ ಹೊಳಪಿನ ಮೇಲೆ ಆಡಿಸಿ, "ಇವರು ಯಾವಾಗಲೂ ಸ್ವಲ್ಪ ಜೋರಾಗೇ ಎಳೀತಿದ್ರು" ಅಂದರು. ನಗುತ್ತಲೇ ಅಂದರು.

ಆ ಹೊಳಪು ಈಗಿಲ್ಲ. ಶಿವಮೊಗ್ಗದಲ್ಲಿ ಡ್ರಮ್ಮನ್ನು ಲೇತಿಗೆ ಹಾಕಿ ಒಳಮೈಯನ್ನು ಒಂದು ಪದರ ಹೆರೆಸಿದರು, ಅಚ್ಚು ಪುಡಿ ಪುಡಿಯಾಗಿ ಕೆಳಗೆ ಬಿತ್ತು. ಹಾಗೆ ಮಾಡದೆ ಹೊಸ ಲೈನರು ಸಮನಾಗಿ ಕೂರುವುದಿಲ್ಲ, ಕಾರು ನೇರವಾಗಿ ನಿಲ್ಲುವುದಿಲ್ಲ. ನೆನಪಿಗೆಂದು ಬ್ರೇಕನ್ನು ಹಾಳು ಮಾಡುವಂತಿಲ್ಲ. ಹೊಸ ಶೂ, ಹೊಸ ಸೀಲು, ಹೊಸ ತಂತಿ ಬಿದ್ದಿವೆ. ಹಬ್ಬಿನ ಮುಖಕ್ಕೆ ಡ್ರಮ್ಮು ಕೂರಿಸುವ ಮುನ್ನ ಮೇಸ್ತ್ರಿ ಬೆರಳ ತುದಿಯಲ್ಲಿ ತಾಮ್ರಬಣ್ಣದ ಗ್ರೀಸನ್ನು, ತಿಲಕವಿಡುವಷ್ಟೇ, ಸವರಿದ್ದನ್ನು ನೋಡಿದೆ. ಮುಂದೆಂದೋ ಬಿಚ್ಚಲಿರುವ, ತಾನು ಕಾಣದ ಕೈಗಾಗಿ.

ನಿಮ್ಮ ಮನೆಯಲ್ಲೂ ಹಳೆಯ ಕಾರೊಂದು ಶೆಡ್ಡಿನಲ್ಲಿದ್ದು, ಈ ಮಳೆಗಾಲ ಅದು ಹೊರಗೆ ಹೋಗುವುದಿಲ್ಲವೆಂದಾದರೆ, ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿ ಬಿಡಿ, ಚಕ್ರಗಳ ಹಿಂದೆ ಮುಂದೆ ಗಟ್ಟಿ ಕಲ್ಲು ಕೊಡಿ, ತಿಂಗಳಿಗೊಮ್ಮೆ ಕಲ್ಲು ಸರಿಸಿ, ಗೇರು ಬಿಡಿಸಿ, ಒಂದು ಮಾರು ಹಿಂದೆ ಮುಂದೆ ನೂಕಿ ನೋಡಿ. ಹ್ಯಾಂಡ್‌ಬ್ರೇಕ್ ಮಾತ್ರ ಎಳೆದಿಡಬೇಡಿ.